ಮಾಳಿಗೆ ಮನೆ ಮಾರುವ ಮುನ್ನ

ಮುಳವಾಡದ ನಮ್ಮ ಓಣಿಯಲ್ಲಿ ಮನೆ ಮಾರಲು ಹೊರಟವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಸುಣ್ಣ ಹಚ್ಚುವ ಮುನ್ನ ಪಂಚಾಯ್ತಿಗೆ ಹೋಗಿ. ಪಂಚಾಯ್ತಿಯ ಇ-ಸ್ವತ್ತು ದಾಖಲೆ ಇಲ್ಲದೆ ಖರೀದಿ ಪತ್ರ ನೋಂದಣಿ ಆಗುವುದಿಲ್ಲ. ಉತಾರೆ ಇನ್ನೂ ಅಜ್ಜನ ಹೆಸರಲ್ಲಿದ್ದರೆ ವಾರಸಾ ಮಾಡಿಸಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಪಿತ್ರಾರ್ಜಿತ ಮನೆಯಲ್ಲಿ ಅಕ್ಕತಂಗಿಯರಿಗೂ ಸಮಪಾಲಿದೆ; ಅವರ ಸಹಿ ಬೇಕು.

ಆಮೇಲೆ ಮಣ್ಣಿನ ಮಾಳಿಗೆ ಹತ್ತಿ. ಮಣ್ಣಲ್ಲಿ ಹುಲ್ಲು ಬೇರುಬಿಟ್ಟ ಕಡೆ ನೀರು ಇಳಿಯುತ್ತದೆ. ಕೆಳಗಿನ ಜಂತಿ ಮೆತ್ತಗಾಗಿರುತ್ತದೆ. ತಿಳಿದ ಗಿರಾಕಿ ಬಣ್ಣ ನೋಡುವುದಿಲ್ಲ, ಜಂತಿಗೆ ಬೆರಳಿನಿಂದ ಬಡಿದು ನೋಡುತ್ತಾನೆ. ಹುಲ್ಲು ಕಿತ್ತು ಹೊಸ ಮಣ್ಣು ಹಾಕಿಸಿ, ಕೆಟ್ಟ ಜಂತಿ ಬದಲಿಸಿ. ಸೋರಿದ ಕಲೆಯನ್ನು ಮಾತ್ರ ಮುಚ್ಚಬೇಡಿ.

ಬೆಲೆಗೆ ಸರ್ಕಾರದ ಮಾರ್ಗಸೂಚಿ ದರ ಒಂದು ಆಧಾರ ಮಾತ್ರ. ಮನೆ ಮಾರಿದ ಪಕ್ಕದವರು ಹೇಳಿದ ಬೆಲೆ ಬಿಡಿ, ಅವರ ಕೈಗೆ ಬಂದ ಹಣ ಎಷ್ಟೆಂದು ಕೇಳಿ.