ಮುರುಗಲು ಹಣ್ಣು ಮತ್ತು ಅದರ ಪಾನಕ

ಸಹ್ಯಾದ್ರಿಯ ಪಶ್ಚಿಮ ಭಾಗದ ಅರಣ್ಯಗಳಲ್ಲಿ ತಾನಾಗಿ ಬೆಳೆಯುವ ಫಲವೃಕ್ಷಗಳಲ್ಲಿ ಮುರುಗಲು ಗಣ್ಯವಾದುದು. ದಕ್ಷಿಣ ಕನ್ನಡದಲ್ಲಿ ಇದನ್ನು ಪುನರ್ಪುಳಿಯೆಂದೂ, ಮಹಾರಾಷ್ಟ್ರದ ಕೊಂಕಣದಲ್ಲಿ ಕೋಕಂ ಎಂದೂ ಕರೆಯುವರು. ಇದರ ಶಾಸ್ತ್ರೀಯ ನಾಮವು ಗಾರ್ಸೀನಿಯ ಇಂಡಿಕ.

ಇದರ ಒಣಸಿಪ್ಪೆಯನ್ನು ಹುಣಿಸೆಯ ಬದಲಾಗಿ ಸಾರಿಗೆ ಉಪಯೋಗಿಸುವುದು ಪೂರ್ವದಿಂದ ಬಂದ ರೂಢಿ. ಬೀಜವನ್ನು ಕುಟ್ಟಿ ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ಜಿಡ್ಡು ತಣಿದೊಡನೆ ಗಟ್ಟಿಯಾಗುವುದು. ಒಡೆದ ಹಿಮ್ಮಡಿಗೂ ತುಟಿಗೂ ಇದನ್ನು ಲೇಪಿಸುವರು; ಕಾಂತಿವರ್ಧಕ ಲೇಪನಗಳ ತಯಾರಿಕೆಯಲ್ಲಿಯೂ ಇದಕ್ಕೆ ಬೇಡಿಕೆಯುಂಟು.

ಬೇಸಿಗೆಯಲ್ಲಿ ಇದರ ಪಾನಕವು ದಾಹವನ್ನೂ ಪಿತ್ತವನ್ನೂ ಶಮನಗೊಳಿಸುವುದೆಂದು ಹಿರಿಯರು ನಂಬಿದ್ದರು. ಪಟ್ಟಣವಾಸಿಗಳೂ ಈಗ ಇದನ್ನು ಆರೋಗ್ಯಪಾನೀಯವೆಂದು ಕೊಳ್ಳುತ್ತಾರೆ. ಸಿಪ್ಪೆಯ ಕೆಂಬಣ್ಣಕ್ಕೆ ಆಂಥೋಸಯನಿನ್ ಎಂಬ ವರ್ಣದ್ರವ್ಯಗಳೇ ಕಾರಣ. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವು ದೇಹದ ಬೊಜ್ಜನ್ನು ಕರಗಿಸುವುದೆಂಬ ಪ್ರಚಾರವುಂಟಾದರೂ ಅದು ದೃಢವಾಗಿ ಸಿದ್ಧಪಟ್ಟಿಲ್ಲ. ಪಾನಕದಲ್ಲಿ ಸಕ್ಕರೆ ಹೇರಳವಾಗಿರುವುದರಿಂದ ಮಧುಮೇಹಿಗಳು ಸಕ್ಕರೆ ಹಾಕದೆ ಒಣಸಿಪ್ಪೆಯನ್ನು ನೆನೆಸಿದ ನೀರಿಗೆ ಉಪ್ಪು, ಜೀರಿಗೆ ಬೆರೆಸಿ ಕುಡಿಯುವುದು ಲೇಸು.

ಪಾನಕದ ರಸವನ್ನು ಮನೆಯಲ್ಲಿಯೇ ತಯಾರಿಸಬಹುದು. 1 ಸೇರು ತೂಕದ ಹಸಿಸಿಪ್ಪೆಗೆ 2 ಸೇರು ತೂಕದ ಸಕ್ಕರೆಯಂತೆ ಗಾಜಿನ ಭರಣಿಯಲ್ಲಿ ಪದರಪದರವಾಗಿ ತುಂಬಿ ಸುಮಾರು 7 ದಿನ ಇಟ್ಟರೆ ಸಕ್ಕರೆಯು ಕರಗಿ ರಸವನ್ನು ಹೊರಸೆಳೆಯುವುದು. ಅದನ್ನು ಸೋಸಿ, ಬೇಕಾದಾಗ 5-6 ಪಾಲು ನೀರು ಬೆರೆಸತಕ್ಕದ್ದು. ಹುಳಿಯು ಲೋಹವನ್ನು ಕೊರೆಯುವುದರಿಂದ ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳು ಸಲ್ಲವು.

ಇಷ್ಟು ಉಪಯುಕ್ತವಾದ ಫಲವು ವರ್ಷವರ್ಷವೂ ಮರದಡಿಯಲ್ಲಿ ಕೊಳೆಯುವುದೇತಕ್ಕೆ? ಹಣ್ಣು ಏಪ್ರಿಲ್ ಮೇ ತಿಂಗಳುಗಳಲ್ಲಿ ಪಕ್ವವಾಗತೊಡಗುವುದು. ಕೊಯ್ಲು ಮುಗಿಯುವುದರೊಳಗೆ ಮುಂಗಾರು ಹಿಡಿಯುವುದು. ಬಿಸಿಲಿಲ್ಲದ ಮೇಲೆ ಸಿಪ್ಪೆಗೆ ಬೂಷ್ಟು ಬರುವುದು. ಈ ಭಯದಿಂದ ಕೆಲವರು ಕಾಯಿಯನ್ನೇ ಕೀಳುವರು. ಮತ್ತೆ ಕೆಲವರು ಕೊಂಬೆಗಳನ್ನೇ ಕಡಿದು ಮುಂದಿನ ವರ್ಷದ ಫಲವನ್ನೂ ಕಳೆದುಕೊಳ್ಳುವರು. ಆದಕಾರಣ ಮಾಗಿದ ಹಣ್ಣನ್ನು ಎರಡು ಮೂರು ದಿನಗಳಿಗೊಮ್ಮೆ ಆರಿಸಿ, ಅಂದೇ ಬಿಡಿಸಿ, ಅಡಿಕೆ ಒಣಗಿಸುವ ಅಂಗಳದಲ್ಲಾಗಲಿ ಒಣಗೂಡಿನಲ್ಲಾಗಲಿ ಒಣಗಿಸತಕ್ಕದ್ದು.

ಹೊಸದಾಗಿ ನೆಡುವವರು ತಿಳಿಯಬೇಕಾದ ಸಂಗತಿಯೊಂದುಂಟು. ಇದರಲ್ಲಿ ಗಂಡು ಮರವೂ ಹೆಣ್ಣು ಮರವೂ ಬೇರೆ ಬೇರೆ. ಬೀಜದ ಸಸಿಗಳು ಹೂ ಬಿಡಲು 7-8 ವರ್ಷ ಹಿಡಿಯುವುದು. ಆಗ ನೋಡಿದರೆ ಅರ್ಧದಷ್ಟು ಗಂಡಾಗಿರುವುದುಂಟು. ಹೆಚ್ಚು ಫಲ ಕೊಡುವ ಹೆಣ್ಣು ಮರದ ನೆಟ್ಟನೆಯ ಚಿಗುರಿನಿಂದ ಕಸಿ ಮಾಡಿದ ಗಿಡವಾದರೆ ಈ ನಷ್ಟವಿಲ್ಲ. ಫಲವೂ ಬೇಗ ದೊರೆಯುವುದು. ಪರಾಗಕ್ಕಾಗಿ ಹತ್ತಕ್ಕೊಂದು ಗಂಡು ಗಿಡವನ್ನು ಇಟ್ಟುಕೊಂಡರೆ ಸಾಕು.

ತೋಟದ ಬೇಲಿಯ ಬದಿಯಲ್ಲಿ ನಾಲ್ಕು ಕಸಿಗಿಡಗಳನ್ನು ನೆಡುವುದು ಯಾವ ಜಮೀನುದಾರರಿಗೂ ಭಾರವಲ್ಲ. ಕೊಂಬೆ ಕಡಿಯದೆ ಹಣ್ಣು ಆರಿಸುವ ಕಟ್ಟುಪಾಡನ್ನು ಗ್ರಾಮದ ಮುಖಂಡರು ಊರಿನಲ್ಲಿ ನೆಲೆಗೊಳಿಸಿದರೆ, ಕಾಡಿನ ಮರಗಳೂ ಉಳಿದು, ಹಣ್ಣು ಆರಿಸಿ ಜೀವಿಸುವ ಬಡ ಕುಟುಂಬಗಳಿಗೂ ಆಧಾರವಾಗುವುದು.