ಕಾಗದದಲ್ಲಿ ಕಟ್ಟುವ ಡಕೋಟಾ

ವಾಯುಪಡೆಯಿಂದ ನಿವೃತ್ತರಾದ ಹಿರಿಯರಿಗೆ ಗೌರವವೆಂದು ನಾವು ಸಾಮಾನ್ಯವಾಗಿ ಕೊಡುವುದು ಶಾಲು, ಹಾರ, ಒಂದು ಹಣ್ಣಿನ ಬುಟ್ಟಿ. ಇನ್ನೂ ಮುತುವರ್ಜಿ ಇದ್ದವರು ಅಂಗಡಿಯಿಂದ ಒಂದು ಫೈಟರ್ ವಿಮಾನದ ಮಾದರಿ ತರುತ್ತಾರೆ. ಆದರೆ ಆ ಹಿರಿಯರು ದುಡಿದದ್ದು ಡಕೋಟಾದಲ್ಲಾಗಿದ್ದರೆ? ಅಕ್ಕಿಮೂಟೆ, ಮದ್ದುಗುಂಡು, ಗಾಯಾಳುಗಳು, ಪ್ಯಾರಾಶೂಟಿನ ಸೈನಿಕರು, ಹೀಗೆ ಏನು ಹೇರಿದರೂ ಹೊತ್ತು ಹಾರಿದ ವಿಮಾನ ಅದು. ಅವರದೇ ವಿಮಾನವನ್ನು, ಅದರ ನಂಬರಿನ ಸಮೇತ, ಡ್ರಾಯಿಂಗ್ ಶೀಟಿನಲ್ಲಿ ಕಟ್ಟಿಕೊಡಲು ಸಾಧ್ಯ.

1947ರ ಅಕ್ಟೋಬರ್ 27ರಂದು ಮೊದಲ ಸಿಖ್ ಪಡೆಯನ್ನು ಶ್ರೀನಗರದಲ್ಲಿ ಇಳಿಸಿದ್ದು ಡಕೋಟಾ. 1948ರ ಮೇ ತಿಂಗಳಲ್ಲಿ ಏರ್ ಕಮೋಡೋರ್ ಮೆಹರ್ ಸಿಂಗ್ ಅವರು ಹತ್ತು ಸಾವಿರ ಅಡಿಗೂ ಎತ್ತರದ ಲೇಹ್‌ನಲ್ಲಿ ಇದೇ ವಿಮಾನ ಇಳಿಸಿದಾಗ ಒಳಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. 2018ರಲ್ಲಿ ವಾಯುಪಡೆಗೆ ಸೇರಿದ ಹಳೆಯ ಡಕೋಟಾವೊಂದಕ್ಕೆ ‘ಪರಶುರಾಮ’ ಎಂದು ಹೆಸರಿಟ್ಟರು. ಹಿಂದೆ ಡಕೋಟಾ ಪೈಲಟ್ ಆಗಿದ್ದ ಏರ್ ಕಮೋಡೋರ್ ಎಂ.ಕೆ. ಚಂದ್ರಶೇಖರ್ ಅವರ ಪರವಾಗಿ ಅವರ ಮಗ, ಆಗ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ರಾಜೀವ್ ಚಂದ್ರಶೇಖರ್, ಅದನ್ನು ಕೊಡುಗೆಯಾಗಿ ಕೊಟ್ಟದ್ದು. ಅದರ ಮೇಲೆ ಬರೆದ ವಿಪಿ 905 ಎಂಬ ನಂಬರು ಶ್ರೀನಗರಕ್ಕೆ ಸೈನಿಕರನ್ನು ಒಯ್ದ ಡಕೋಟಾದ ನಂಬರು. ಹಾರುವ ವಿಮಾನಕ್ಕೇ ನಂಬರಿನ ವಿಷಯದಲ್ಲಿ ಇಷ್ಟು ಕಾಳಜಿ ತೋರಿದ್ದಾರೆ. ಕಾಗದದ ಮಾದರಿಗೂ ಅದು ಬೇಕು.

ಆದ್ದರಿಂದ ಕತ್ತರಿ ಹಿಡಿಯುವ ಮೊದಲು ಅವರ ಮನೆಗೆ ಹೋಗಿ. “ಸರ್, ನೀವಿದ್ದ ವಿಮಾನದ ನಂಬರ್ ನೆನಪಿದೆಯಾ?” ಎಂದು ಕೇಳಿ. ಪೈಲಟ್ ಆಗಿದ್ದವರ ಲಾಗ್‌ಬುಕ್ಕಿನಲ್ಲಿ ಪ್ರತಿ ಹಾರಾಟದ ಎದುರೂ ಅದು ಬರೆದಿರುತ್ತದೆ. ಎಂಜಿನ್ ನೋಡಿಕೊಳ್ಳುತ್ತಿದ್ದವರ ಬಳಿ ಲಾಗ್‌ಬುಕ್ ಇರಲಿಕ್ಕಿಲ್ಲ, ಆದರೆ ಯಾವುದೋ ಗುಂಪು ಫೋಟೋದ ಹಿನ್ನೆಲೆಯಲ್ಲಿ ಬಾಲದ ನಂಬರು ಕಾಣಬಹುದು. ಯಾವ ವರ್ಷದ ಫೋಟೋ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಒಳಗೆ ಕೇಸರಿ, ನಡುವೆ ಬಿಳಿ, ಹೊರಗೆ ಹಸಿರು ಇರುವ ಇಂದಿನ ವೃತ್ತಚಿಹ್ನೆ ನಲವತ್ತರ ದಶಕದ ಕೊನೆಯ ವಿಮಾನಗಳ ಮೇಲೆ ಇರಲಿಲ್ಲ.

ಅಳತೆ ಸುಲಭ. ಡಕೋಟಾದ ರೆಕ್ಕೆಯ ಹರವು ಸುಮಾರು 29 ಮೀಟರ್, ಉದ್ದ 19 ಮೀಟರಿಗೆ ತುಸು ಹೆಚ್ಚು. ನೂರರಲ್ಲೊಂದು ಪಾಲಿಗೆ ಇಳಿಸಿದರೆ ರೆಕ್ಕೆ 29 ಸೆಂ.ಮೀ. ಆಗುತ್ತದೆ, ಎ4 ಹಾಳೆಗೆ ಹಿಡಿಸುತ್ತದೆ. ಆದರೆ ಎಂಬತ್ತು ದಾಟಿದ ಕಣ್ಣಿಗೆ ಆ ಗಾತ್ರದ ನಂಬರು ಓದಲು ಕಷ್ಟ. ಎಪ್ಪತ್ತೆರಡರಲ್ಲೊಂದು ಪಾಲೇ ನನಗೆ ಸರಿ ಕಾಣುತ್ತದೆ. ಆಗ ರೆಕ್ಕೆ 40 ಸೆಂ.ಮೀ. ಬರುತ್ತದೆ. ಹೊರಮೈಗೆ 160ರಿಂದ 200 ಜಿಎಸ್‌ಎಂ ಹಾಳೆ ಸಾಕು. ಹಾಳೆಯನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೋಡಿ, ಒಂದು ದಿಕ್ಕಿಗೆ ಸಲೀಸಾಗಿ ಬಾಗುತ್ತದೆ. ವಿಮಾನದ ಒಡಲನ್ನು ಆ ದಿಕ್ಕಿಗೇ ಸುತ್ತಬೇಕು.

ಇಡೀ ಕೆಲಸದ ಗುಟ್ಟು ಒಂದೇ: ಕಾಗದ ಒಂದು ದಿಕ್ಕಿಗೆ ಬಾಗುತ್ತದೆ, ಏಕಕಾಲಕ್ಕೆ ಎರಡು ದಿಕ್ಕಿಗೆ ಬಾಗುವುದಿಲ್ಲ. ಹಾಗಾಗಿ ಒಡಲನ್ನು ತುಂಡು ತುಂಡಾಗಿ, ತುದಿ ಕತ್ತರಿಸಿದ ಶಂಕುಗಳ ಸಾಲಾಗಿ ಕಟ್ಟುತ್ತೇವೆ. ಒಂದು ತುಂಡಿನ ಮುಂದಿನ ವ್ಯಾಸ 25 ಮಿ.ಮೀ., ಹಿಂದಿನದು 20, ಓರೆ ಉದ್ದ 30 ಎನ್ನೋಣ. ಓರೆ ಉದ್ದವನ್ನು ದೊಡ್ಡ ವ್ಯಾಸದಿಂದ ಗುಣಿಸಿ, ಎರಡು ವ್ಯಾಸಗಳ ವ್ಯತ್ಯಾಸದಿಂದ ಭಾಗಿಸಿದರೆ 150 ಬರುತ್ತದೆ. ಕೈವಾರದಲ್ಲಿ 150 ಮತ್ತು 120 ಮಿ.ಮೀ. ತ್ರಿಜ್ಯದ ಎರಡು ಕಂಸ ಎಳೆದು, ನಡುವೆ 30 ಡಿಗ್ರಿಯ ಪಟ್ಟಿ ಕತ್ತರಿಸಿ. ಸುತ್ತಿದರೆ ನಮಗೆ ಬೇಕಾದ ತುಂಡು ಸಿದ್ಧ. ಒಳಗೆ ದಪ್ಪ ರಟ್ಟಿನ ದುಂಡು ಬಿಲ್ಲೆ ಕೂರಿಸಿದರೆ ಆಕಾರ ಕೆಡುವುದಿಲ್ಲ. ಬಿಲ್ಲೆಯ ವ್ಯಾಸ 25 ಇದ್ದಾಗ ಲೆಕ್ಕದ ಪ್ರಕಾರ ಸುತ್ತಳತೆ 78.5 ಮಿ.ಮೀ., ಆದರೆ ಕಾಲು ಮಿಲಿಮೀಟರ್ ದಪ್ಪದ ಹಾಳೆ ಅದರ ಮೇಲೆ ಕೂರಲು ಇನ್ನೂ ಮುಕ್ಕಾಲು ಮಿ.ಮೀ.ಯಷ್ಟು ಬೇಕು. ಅಷ್ಟನ್ನು ಬಿಡದಿದ್ದರೆ ಅಂಚುಗಳು ಕೂಡುವುದಿಲ್ಲ.

ಮೂತಿ ಮತ್ತು ಎಂಜಿನ್ನಿನ ಹೊದಿಕೆ ಎರಡೂ ದಿಕ್ಕಿಗೆ ದುಂಡಗಿವೆ. ಅಲ್ಲಿ ಹಾಳೆಯನ್ನು ಎಸಳುಗಳಂತೆ ಸೀಳಿ, ಪ್ರತಿ ಎಸಳನ್ನು ಪೆನ್ಸಿಲ್ಲಿನ ಮೇಲೆ ಉಜ್ಜಿ ಬಾಗಿಸಿ, ಒಳಗಿನಿಂದ ತೆಳು ಪಟ್ಟಿಗೆ ಅಂಟಿಸಬೇಕು. ಫೆವಿಕಾಲನ್ನು ಹಲ್ಲುಕಡ್ಡಿಯ ತುದಿಯಲ್ಲಿ ಹಚ್ಚಿ. ಹೆಚ್ಚಾದರೆ ಕಾಗದ ಒದ್ದೆಯಾಗಿ ಸುಕ್ಕುಗಟ್ಟುತ್ತದೆ. ಇಂಕ್‌ಜೆಟ್ ಮುದ್ರಣವಾಗಿದ್ದರೆ ಬಣ್ಣವೂ ಹರಡುತ್ತದೆ. ಕತ್ತರಿಸಿದ ಅಂಚುಗಳ ಬಿಳಿ ಗೆರೆಗೆ ಹೊಂದುವ ಬಣ್ಣದ ಪೆನ್ಸಿಲ್ ಸವರಿ.

ರೆಕ್ಕೆಯ ವಿಚಾರಕ್ಕೆ ಬಂದರೆ, ಒಡಲಿಗೆ ತಾಗಿದ ಮಧ್ಯಭಾಗ ಸಮತಲ. ಎಂಜಿನ್ನಿನಿಂದಾಚೆಗೆ ಮಾತ್ರ ತುದಿಗಳು ಮೇಲಕ್ಕೆ ಏಳುತ್ತವೆ. ಮುಂದಿನ ಅಂಚು ಹಿಂದಕ್ಕೆ ಓರೆ, ಹಿಂದಿನ ಅಂಚು ಬಹುಮಟ್ಟಿಗೆ ನೇರ. ಇದು ತಪ್ಪಿದರೆ ಡಕೋಟಾದಲ್ಲಿ ದುಡಿದವರು ನೋಡಿದ ಕೂಡಲೇ ಗುರುತಿಸುತ್ತಾರೆ. ಒಳಗೆ ಎರಡು ಪದರದ ರಟ್ಟಿನ ಪಟ್ಟಿಯನ್ನು ಅದೇ ಬಾಗಿಗೆ ಮಡಿಸಿ ಹಾಕಿ, ಅಂಟು ಒಣಗುವವರೆಗೆ ಎರಡೂ ತುದಿಗಳ ಕೆಳಗೆ ಸಮ ಎತ್ತರದ ಬೆಂಕಿಪೊಟ್ಟಣಗಳನ್ನು ಇಡಿ. ಪ್ರೊಪೆಲ್ಲರಿಗೆ ಮೂರು ಅಲಗು.

ಚಕ್ರ ಇಳಿಸಿರಬೇಕೋ ಮೇಲೆತ್ತಿರಬೇಕೋ ಎಂಬುದನ್ನು ಅವರ ಕೆಲಸ ನೋಡಿ ತೀರ್ಮಾನಿಸಿ. ಪೈಲಟ್ಟಿಗೆ ಹಾರುತ್ತಿರುವ ಡಕೋಟಾ ಒಪ್ಪುತ್ತದೆ. ಚಕ್ರ ಎತ್ತಿದಾಗಲೂ ಅದರ ಅರ್ಧಭಾಗ ಹೊರಗೆ ಕಾಣುವುದನ್ನು ಮರೆಯಬೇಡಿ. ನೆಲದಲ್ಲಿ ದುಡಿದವರಿಗಾದರೆ ನಿಂತ ವಿಮಾನವೇ ಚೆನ್ನ. ಬಾಲದ ಪುಟ್ಟ ಚಕ್ರದ ಮೇಲೆ ಕೂತ ಡಕೋಟಾದ ಮೂತಿ ಆಕಾಶ ನೋಡುತ್ತದೆ, ಒಳಗಿನ ನೆಲವೆಲ್ಲ ಏರು. ಎಡಬದಿಯ ಹಿಂಭಾಗದ ದೊಡ್ಡ ಬಾಗಿಲಿನಿಂದ ಏರಿಸಿದ ಪ್ರತಿ ಮೂಟೆಯನ್ನೂ ಆ ಏರಿನಲ್ಲಿ ಮುಂದಕ್ಕೆ ತಳ್ಳಬೇಕಿತ್ತು. ಅಂಥವರಿಗೆ ಕಟ್ಟುವಾಗ ಆ ಜೋಡಿ ಬಾಗಿಲನ್ನು ಬೇರೆಯಾಗಿ ಕತ್ತರಿಸಿ, ತೆರೆದಿಡಿ. ಒಳಗೆ ಬೂದುಬಣ್ಣ ಬಳಿದು ಎರಡು ಮೂಟೆ ಇಟ್ಟರೆ ಮಾತು ತಾನಾಗಿ ಶುರುವಾಗುತ್ತದೆ.

ಕೊನೆಗೆ ಹೊರಗೆಲ್ಲ ತೆಳುವಾಗಿ ವಾರ್ನಿಷ್ ಸ್ಪ್ರೇ ಹೊಡೆದು, ಮರದ ಹಲಗೆಗೆ ಕೂರಿಸಿ. ಹಲಗೆಯ ಮೇಲೆ ವಿಮಾನದ ನಂಬರು, ಸ್ಕ್ವಾಡ್ರನ್, ಅವರ ಹೆಸರು, ಆಗಿನ ಹುದ್ದೆ ಮತ್ತು ಇಸವಿ ಬರೆಯಿರಿ. ಮಳೆಗಾಲದ ತೇವಕ್ಕೂ ಜಿರಳೆಗೂ ಸಿಕ್ಕದಂತೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೊಡಿ, ಜೊತೆಗೆ ಬಿಡಿ ಪ್ರೊಪೆಲ್ಲರ್ ಒಂದು ಇರಲಿ. ಮೊಮ್ಮಕ್ಕಳಿರುವ ಮನೆಯಲ್ಲಿ ಮೊದಲು ಮುರಿಯುವುದು ಅದೇ.