ಕಾರಿನ ನೆತ್ತಿಗೆ ಸೈಕಲ್ ಏರಿದ ಕತೆ

ಬೆಂಗಳೂರಿನಿಂದ ಹಾಸನ, ಬೇಲೂರು ದಾಟಿ ಮಲೆನಾಡಿನೊಳಗೆ ನುಗ್ಗುವ ವಾರಾಂತ್ಯದ ಕಾರುಗಳಲ್ಲಿ ಈಗೀಗ ಕೆಲವು ನೆತ್ತಿಯ ಮೇಲೆ ಸೈಕಲ್ ಹೊತ್ತು ಬರುತ್ತವೆ. ಗೆಂಡೆಹಳ್ಳಿಯಂಥ ಕಾಫಿ ಸೀಮೆಯ ಊರಿನ ಹಿರಿಯರಿಗೆ ಇದು ಪೇಟೆಯವರ ಹೊಸ ಶೋಕಿಯಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ ತಮ್ಮ ಕಾಲದ ಬಸ್ಸನ್ನು ನೆನೆದುಕೊಂಡರೆ ಇದರಲ್ಲಿ ಹೊಸತೇನಿದೆ ಎಂದು ಅವರೇ ಕೇಳಬಹುದು. ಮಲೆನಾಡಿನ ಖಾಸಗಿ ಬಸ್ಸುಗಳಿಗೆ ಹಿಂದೊಂದು ಏಣಿ, ಮೇಲೆ ಕಬ್ಬಿಣದ ಕಂಬಿ ಸುತ್ತಿದ ಟಾಪು ಇರುತ್ತಿತ್ತು. ಕ್ಲೀನರ್ ಏಣಿಯ ಅರ್ಧಕ್ಕೆ ಹತ್ತಿ ನಿಂತು, ಕೆಳಗಿನವರು ಎತ್ತಿಕೊಟ್ಟ ಸೈಕಲ್ಲನ್ನು ಎಳೆದುಕೊಂಡು, ಮೆಣಸಿನ ಮೂಟೆ, ಬಾಳೆಗೊನೆಗಳ ಪಕ್ಕ ಮಲಗಿಸಿ ಹಗ್ಗ ಬಿಗಿಯುತ್ತಿದ್ದ. ಆ ಬಸ್ಸುಗಳ ಕಾಲವೇ ಸರಿದುಹೋಗುತ್ತಿದೆ. ಶಂಕರ್ ಟ್ರಾನ್ಸ್‌ಪೋರ್ಟ್‌ನ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆಯೂ 2020ರಲ್ಲಿ ನಿಂತಿತು. ಸೈಕಲ್ ಮಾತ್ರ ಚಾವಣಿ ಬಿಟ್ಟಿಳಿಯಲಿಲ್ಲ, ಬಸ್ಸಿನಿಂದ ಕಾರಿಗೆ ದಾಟಿಕೊಂಡಿತು. ಬದಲಾಗಿರುವುದು ಅದನ್ನು ಹೊರುವ ಚಾವಣಿ. ಇಂದು ಕ್ಯಾರಿಯರ್ ಕೊಳ್ಳಹೊರಟವರು ಎಡವುವುದು ಇಲ್ಲೇ ಎಂಬುದು ನನ್ನ ವಾದ: ಅಂಗಡಿಯಲ್ಲಿ ಕ್ಯಾರಿಯರನ್ನು ತಿರುಗಿಸಿ ಮುರುಗಿಸಿ ನೋಡುತ್ತಾರೆ, ಹೊರಗೆ ನಿಂತ ತಮ್ಮ ಕಾರಿನ ತಲೆಯನ್ನು ಒಮ್ಮೆಯೂ ನೋಡುವುದಿಲ್ಲ.

ಹಳೆಯ ಅಂಬಾಸಿಡರ್ ಕಾರಿನ ಬಾಗಿಲ ಮೇಲೆ, ಚಾವಣಿಯ ಉದ್ದಕ್ಕೂ, ಬೆರಳು ತೂರುವಷ್ಟು ಅಗಲದ ಒಂದು ತಗಡಿನ ಅಂಚು ಹೊರಚಾಚಿರುತ್ತಿತ್ತು. ಚಾವಣಿಯ ತಗಡು ಮತ್ತು ಪಕ್ಕದ ತಗಡು ಕೂಡುವ ಜಾಗದಲ್ಲಿ ಎರಡನ್ನೂ ಮಡಿಸಿ ವೆಲ್ಡ್ ಮಾಡಿದಾಗ ಉಳಿಯುವ ಅಂಚು ಅದು. ಹೆಂಚಿನ ಮನೆಯ ಸೂರಿಗೆ ಕಟ್ಟಿದ ದೋಣಿಯಂತೆ ಮಳೆನೀರನ್ನು ಹಿಡಿದು ಮುಂದಕ್ಕೂ ಹಿಂದಕ್ಕೂ ಹರಿಸುತ್ತಿತ್ತು. ಬಾಗಿಲು ತೆರೆದವರ ತಲೆಯ ಮೇಲೆ ನೀರು ಸುರಿಯುತ್ತಿರಲಿಲ್ಲ. ಇದನ್ನು ರೂಪಿಸಿದವರು ಸಾಮಾನು ಹೊರಿಸುವ ಯೋಚನೆಯಲ್ಲಿ ರೂಪಿಸಿದ್ದಲ್ಲ. ಆದರೆ ಕಾರಿನ ಮೈಯಲ್ಲಿ ತಗಡಿನ ಮೇಲೆ ತಗಡು ಕೂಡಿದ ಗಟ್ಟಿ ಜಾಗಗಳಲ್ಲಿ ಇದೂ ಒಂದು, ಹೊರಗಿನಿಂದ ಕೈಗೆ ಸಿಗುವಂಥದ್ದೂ ಹೌದು. ಅಲ್ಲಿಗೆ ಒಂದು ಕ್ಲಾಂಪು ಕಚ್ಚಿಸಿ ನಟ್ಟು ಬಿಗಿದರೆ ಸಾಕು, ಚಾವಣಿಗೆ ತೂತು ಕೊರೆಯುವ ಮಾತೇ ಇಲ್ಲ. 1950ರ ದಶಕದ ಕೊನೆಯಿಂದ 2014ರವರೆಗೆ ಹೊರಬಂದ ಅಂಬಾಸಿಡರ್‌ಗಳಲ್ಲಿ ಈ ದೋಣಿ ಇದ್ದೇ ಇತ್ತು. ಪ್ರೀಮಿಯರ್ ಪದ್ಮಿನಿಯಲ್ಲೂ ಇತ್ತು, 2019ರವರೆಗೆ ಬಂದ ಮಾರುತಿ ಓಮ್ನಿಯಲ್ಲೂ ಇತ್ತು. ಹಾಗಾಗಿ ಕ್ಯಾರಿಯರ್ ಎಂಬುದು ಊರಿನ ವೆಲ್ಡಿಂಗ್ ಅಂಗಡಿಯ ಮಾಲಾಗಿತ್ತು. ಪೈಪು, ಪಟ್ಟಿ, ನಾಲ್ಕು ಅಥವಾ ಆರು ಕಾಲು, ಮೇಲೊಂದು ಕೋಟ್ ಕಪ್ಪು ಬಣ್ಣ. ಒಂದು ಅಂಬಾಸಿಡರ್‌ಗೆ ಮಾಡಿದ್ದು ಇನ್ನೊಂದಕ್ಕೆ ಸಲೀಸಾಗಿ ಕೂರುತ್ತಿತ್ತು, ಕಾಲು ತುಸು ತಿದ್ದಿದರೆ ಬೇರೆ ಕಾರಿಗೂ ಒಗ್ಗುತ್ತಿತ್ತು. ಬೇಲೂರು, ಹಳೇಬೀಡು, ಧರ್ಮಸ್ಥಳ ಎಂದು ಜನರನ್ನು ಸುತ್ತಿಸುತ್ತಿದ್ದ ಬಾಡಿಗೆ ಕಾರುಗಳ ಮೇಲೆ ಟಾರ್ಪಾಲು ಹೊದ್ದು ಕೂತ ಸೂಟ್‌ಕೇಸುಗಳೆಲ್ಲ ಈ ಬೆರಳಗಲದ ಅಂಚನ್ನು ನಂಬಿ ಊರು ಕಂಡಂಥವು.

ಹೊರದೇಶಗಳ ಕ್ಯಾರಿಯರ್ ಉದ್ಯಮ ಬೆಳೆದದ್ದೂ ಇದೇ ಅಂಚಿನ ಮೇಲೆ. ಇವತ್ತು ದುಬಾರಿ ಕ್ಯಾರಿಯರ್‌ಗೆ ಪರ್ಯಾಯ ಪದವೇ ಆಗಿರುವ ಸ್ವೀಡನ್ನಿನ ಥೂಲೆ ಕಂಪನಿ 1942ರಲ್ಲಿ ಶುರುವಾದಾಗ ಎರಿಕ್ ಥೂಲಿನ್ ಮಾರುತ್ತಿದ್ದದ್ದು ಮೀನು ಹಿಡಿಯುವ ಬೋನು. ಕಾರಿನ ಚಾವಣಿಗೆ ಅದು ಕೈಹಾಕಿದ್ದು 1960ರ ದಶಕದಲ್ಲಿ. ಅಮೆರಿಕದ ಯಾಕಿಮಾ 1973ರಲ್ಲಿ ಅದೇ ಹೆಸರಿನ ಊರಲ್ಲಿ ಹುಟ್ಟಿ, 1979ರಲ್ಲಿ ಕೈಬದಲಾಗಿ ಕ್ಯಾಲಿಫೋರ್ನಿಯಾದ ಅರ್ಕಾಟಾಕ್ಕೆ ಹೋಯಿತು. ಥೂಲೆಯದು ಚೌಕದ ಅಡ್ಡಪಟ್ಟಿ, ಯಾಕಿಮಾದ್ದು ದುಂಡನೆಯದು. ಯಾವುದು ಮೇಲೆಂದು ಸವಾರರು ವರ್ಷಗಟ್ಟಲೆ ಕಾದಾಡಿದರು. ಚೌಕದ್ದು ತಿರುಗುವುದಿಲ್ಲ, ದುಂಡನೆಯದಕ್ಕೆ ಏನನ್ನು ಬೇಕಾದರೂ ಯಾವ ಕೋನದಲ್ಲಾದರೂ ಕಟ್ಟಬಹುದು. ಕೊನೆಗೆ ಎರಡೂ ಗಾಳಿಯಲ್ಲಿ ಶಿಳ್ಳೆ ಹೊಡೆಯುತ್ತವೆಂದು ವಿಮಾನದ ರೆಕ್ಕೆಯ ಆಕಾರದ ಪಟ್ಟಿ ಬಂತು, ಜಗಳ ತಣ್ಣಗಾಯಿತು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು 1934ರ ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯದ ಒಂದು ಪ್ರಸಂಗ. ಇಪ್ಪತ್ತರ ಹುಡುಗ ರೆನೆ ವಿಯೆಟ್ಟೊ ಪಿರನೀಸ್ ಬೆಟ್ಟಗಳಲ್ಲಿ ಎಲ್ಲರನ್ನೂ ಮೀರಿ ಓಡುತ್ತಿದ್ದ. ಅವನ ತಂಡದ ನಾಯಕ ಆಂಟೊನಿನ್ ಮಾನ್ಯ್ ಇಳಿಜಾರಿನಲ್ಲಿ ಬಿದ್ದು ಮುಂದಿನ ಚಕ್ರ ಮುರಿದುಕೊಂಡ. ವಿಯೆಟ್ಟೊ ತನ್ನ ಚಕ್ರ ಬಿಚ್ಚಿಕೊಟ್ಟು, ರಸ್ತೆ ಬದಿಯ ಗೋಡೆಯ ಮೇಲೆ ಕೂತು ಅಳುತ್ತಾ ಬದಲಿ ಚಕ್ರದ ಗಾಡಿಗೆ ಕಾದ. ಆ ಚಿತ್ರ ಫ್ರಾನ್ಸಿನಲ್ಲಿ ಮನೆಮಾತಾಯಿತು. ಮರುದಿನ ಮಾನ್ಯ್‌ಗೆ ಮತ್ತೆ ತೊಂದರೆ. ಈ ಸಲ ವಿಯೆಟ್ಟೊ ಇಳಿದ ಬೆಟ್ಟವನ್ನೇ ತಿರುಗಿ ಹತ್ತಿ ಹೋಗಿ ಸೈಕಲ್ಲನ್ನೇ ಕೊಟ್ಟ. ಮಾನ್ಯ್ ಗೆದ್ದ, ವಿಯೆಟ್ಟೊ ಐದನೆಯವನಾದ. ಇದನ್ನು ತ್ಯಾಗದ ಕತೆಯೆಂದು ಹಾಡಿಹೊಗಳುತ್ತಾರೆ. ನನಗೆ ಕಾಣುವುದು ಕ್ಯಾರಿಯರ್ ಇಲ್ಲದ ಕತೆ: ಬೆನ್ನಿಗೇ ಬರುವ ಕಾರಿನ ಮೇಲೊಂದು ಬದಲಿ ಸೈಕಲ್ ಇದ್ದಿದ್ದರೆ ಹುಡುಗನೊಬ್ಬನ ಗೆಲುವಿನ ಆಸೆ ಆ ಗೋಡೆಯ ಮೇಲೆ ಮುಗಿಯುತ್ತಿರಲಿಲ್ಲ. ಮುಂದಿನ ದಶಕಗಳಲ್ಲಿ ತಂಡದ ಕಾರುಗಳು ಆರೆಂಟು ಸೈಕಲ್ ನೆಟ್ಟಗೆ ನಿಲ್ಲಿಸಿಕೊಂಡು ಓಡಲಾರಂಭಿಸಿದವು. ಟಾಪಿನ ಮೇಲೆ ಹಗ್ಗ ಬಿಗಿದು ಮಲಗಿಸುತ್ತಿದ್ದ ಸೈಕಲ್ ಎದ್ದು ನಿಂತದ್ದು ಹೀಗೆ, ಕ್ಷಣದಲ್ಲಿ ಇಳಿಸಿಕೊಳ್ಳಬೇಕೆಂಬ ಅವಸರಕ್ಕಾಗಿ. ಅದಕ್ಕೆ ಒದಗಿದ್ದು ಇಟಲಿಯ ಟುಲ್ಲಿಯೊ ಕಂಪಾನ್ಯೊಲೊ ಹೆಸರಿನಲ್ಲಿರುವ, ಸ್ಪ್ಯಾನರ್ ಇಲ್ಲದೆ ಚಕ್ರ ಬಿಚ್ಚುವ ಸನ್ನೆ. 1927ರ ನವೆಂಬರಿನ ಹಿಮದಲ್ಲಿ ಬೆರಳು ಮರಗಟ್ಟಿ ಕಿವಿ-ನಟ್ಟು ಬಿಚ್ಚಲಾಗದೆ ಪಂದ್ಯ ಸೋತ ಸಿಟ್ಟಿನಲ್ಲಿ ಆತ ಅದನ್ನು ಕಂಡುಹಿಡಿದನೆಂಬ ಕತೆಗೆ ಚರಿತ್ರೆಕಾರರು ತಕರಾರು ತೆಗೆದಿದ್ದಾರೆ. ಕತೆ ಏನೇ ಇರಲಿ, ಮುಂದಿನ ಚಕ್ರ ತೆಗೆದು ಫೋರ್ಕನ್ನು ಹಿಡಿಗೆ ಕಚ್ಚಿಸುವ ಇಂದಿನ ಕ್ಯಾರಿಯರ್ ಆ ಸನ್ನೆಯ ಮೊಮ್ಮಗು.

ಇತ್ತ ಕಾರಿನ ಅಂಚಿನ ಆ ದೋಣಿಗೆ ಕುತ್ತು ಬಂದದ್ದು 1973ರ ತೈಲ ಬಿಕ್ಕಟ್ಟಿನ ನಂತರ. ಪೆಟ್ರೋಲ್ ಉಳಿಸಬೇಕಾದರೆ ಕಾರು ಗಾಳಿಯಲ್ಲಿ ಜಾರಬೇಕು. ಹೊರಚಾಚಿದ ಅಂಚು ಗಾಳಿಗೆ ಅಡ್ಡ, ಕಿವಿಗೆ ಸದ್ದು. 1982ರ ಆಡಿ 100 ಗಾಳಿತಡೆಯ ಗುಣಾಂಕ 0.30 ಎಂದು ಬೀಗಿದಾಗ ಉಳಿದ ಕಂಪನಿಗಳೂ ಮೈ ನಯ ಮಾಡಿಕೊಳ್ಳಲು ಮುಗಿಬಿದ್ದವು. ನಮ್ಮಲ್ಲಿ 1998ರ ಸ್ಯಾಂಟ್ರೋ, ಇಂಡಿಕಾಗಳ ಹೊತ್ತಿಗೆ ಹೊಸ ಸಣ್ಣ ಕಾರಿನ ತಲೆಯಲ್ಲಿ ಕಚ್ಚಿಸಲು ಏನೂ ಉಳಿದಿರಲಿಲ್ಲ. ಗಾಳಿಯ ಲೆಕ್ಕ ಸರಿಯೇ, ಅದನ್ನು ಅಲ್ಲಗಳೆಯಲಾರೆ. ನನ್ನ ಸಿಟ್ಟು ಬೇರೆ: ಎಲ್ಲ ಕಾರಿಗೂ ಸಾಮಾನ್ಯವಾಗಿದ್ದ ಒಂದು ಹಿಡಿಕೆಯನ್ನು ತೆಗೆದವರು ಅದರ ಜಾಗಕ್ಕೆ ಇನ್ನೊಂದು ಸಾಮಾನ್ಯ ಹಿಡಿಕೆಯನ್ನು ಕೊಡಲಿಲ್ಲ. ಈಗ ಪ್ರತಿ ಮಾದರಿಗೂ ಪ್ರತ್ಯೇಕ ಕಾಲು, ಪ್ರತ್ಯೇಕ ರಬ್ಬರು. ಕಾರು ಬದಲಿಸಿದರೆ ಅವೂ ಬದಲು. ಹಾಸನದ ವೆಲ್ಡಿಂಗ್ ಅಂಗಡಿಯ ಕೈಯಲ್ಲಿದ್ದ ಕೆಲಸ ಕ್ಯಾಟಲಾಗಿನ ಪಾಲಾಯಿತು. 2023ರಲ್ಲಿ ಇಲ್ಲಿ ಮಾರಾಟಕ್ಕೆ ಬಂದ ಜಿಮ್ನಿಯಲ್ಲಿ ಹಳೆಯ ದೋಣಿ ಮರಳಿದೆ, ಆದರೆ ವಿನ್ಯಾಸದ ವೈಶಿಷ್ಟ್ಯವೆಂಬ ಠೀವಿಯೊಡನೆ.

ಹೀಗಾಗಿ ಮೊದಲು ನೋಡಬೇಕಾದ್ದು ಚಾವಣಿ. ಬಹಳಷ್ಟು ಕಾರುಗಳ ನೆತ್ತಿಯ ಎರಡೂ ಬದಿಗೆ ಉದ್ದನೆಯ ಕಂಬಿಗಳಿವೆ. ಅವುಗಳಲ್ಲಿ ಎಷ್ಟೋ ಬರೀ ಅಲಂಕಾರದವು, ಅಂಟು ಮತ್ತು ಕ್ಲಿಪ್ಪಿನ ಮೇಲೆ ನಿಂತವು, ಭಾರ ಹೊರಿಸಬೇಡಿ ಎಂದು ಕೈಪಿಡಿಯಲ್ಲೇ ಬರೆದಿರುತ್ತದೆ. ನಿಜವಾಗಿ ಹೊರುವಂಥವೂ ಇವೆ: 2019ರಲ್ಲಿ ಬಂದ ರೆನೋ ಟ್ರೈಬರ್‌ನ ಕಂಬಿಗಳಿಗೆ ಕಂಪನಿಯೇ 50 ಕೆ.ಜಿ. ಎಂದು ಮಿತಿ ಹೇಳಿದೆ. ಈ ಮಿತಿಯಲ್ಲಿ ಕ್ಯಾರಿಯರಿನ ತೂಕವೂ ಸೇರಿದೆ ಎಂಬುದನ್ನು ಮರೆಯುವವರೇ ಹೆಚ್ಚು. ಎರಡು ಅಡ್ಡಪಟ್ಟಿ, ಎರಡು ಸೈಕಲ್ ಹಿಡಿಯುವ ತೊಟ್ಟಿಲು ಎಂದರೆ ಹತ್ತು ಹನ್ನೆರಡು ಕೆ.ಜಿ. ಅಲ್ಲೇ ಹೋಯಿತು. ಹದಿನಾಲ್ಕು ಕೆ.ಜಿ.ಯ ಎರಡು ಗೇರ್ ಸೈಕಲ್ ನಿಲ್ಲಿಸಿದರೆ ಲೆಕ್ಕ ನಲವತ್ತರ ಆಸುಪಾಸಿನಲ್ಲಿ ನಿಲ್ಲುತ್ತದೆ. ಇಪ್ಪತ್ತು ಕೆ.ಜಿ. ತೂಗುವ ಹಳೇ ಕಾಲದ ಕಪ್ಪು ಸೈಕಲ್ ಎರಡಾದರೆ ಮಿತಿ ಮುಟ್ಟಿತು, ಇಲ್ಲವೇ ಮೀರಿತು. ಮೇಲಾಗಿ ಇದು ನಿಂತ ಕಾರಿನ ಲೆಕ್ಕವಲ್ಲ. ಗುಂಡಿಗೆ ಚಕ್ರ ಇಳಿದೆದ್ದ ಗಳಿಗೆಯಲ್ಲಿ ಕಾಲುಗಳ ಮೇಲೆ ಬೀಳುವ ಒತ್ತಡ ತೂಕಕ್ಕಿಂತ ಬಹಳ ಹೆಚ್ಚು, ಮಳೆಗಾಲ ಕಳೆದ ಮಲೆನಾಡಿನ ರಸ್ತೆಗಳು ಆ ಪರೀಕ್ಷೆಯನ್ನು ಹೆಜ್ಜೆಹೆಜ್ಜೆಗೂ ಮಾಡುತ್ತವೆ.

ಇಷ್ಟು ರಗಳೆಯೇಕೆ, ಹಿಂದಿನ ಡಿಕ್ಕಿಗೆ ಪಟ್ಟಿ ಬಿಗಿದು ನೇತುಹಾಕಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಹಿಂದಿನ ಕ್ಯಾರಿಯರ್ ಅಗ್ಗ, ಸೈಕಲ್ಲನ್ನು ತಲೆಯೆತ್ತರಕ್ಕೆ ಎತ್ತಬೇಕಿಲ್ಲ, ಗಾಳಿಗೆ ಅಡ್ಡವೂ ಕಡಿಮೆ. ಆದರೆ ಅದು ನಂಬರ್ ಪ್ಲೇಟನ್ನೂ ಹಿಂಬದಿಯ ದೀಪಗಳನ್ನೂ ಮರೆಮಾಡುತ್ತದೆ. ಯುರೋಪಿನಲ್ಲಿ ಇದಕ್ಕೆ ಕ್ಯಾರಿಯರಿಗೇ ದೀಪದ ಹಲಗೆ, ಇನ್ನೊಂದು ಪ್ಲೇಟು ಕಟ್ಟುತ್ತಾರೆ. ಒಮ್ಮೆ ಕೂರಿಸಿದರೆ ಬಿಚ್ಚಲಾಗದ ಎಚ್‌ಎಸ್‌ಆರ್‌ಪಿ ಪ್ಲೇಟಿನ ನಮ್ಮ ವ್ಯವಸ್ಥೆಯಲ್ಲಿ ಅಂಗಡಿಯಲ್ಲಿ ಬರೆಸಿದ ಮೂರನೆಯ ಪ್ಲೇಟು ತೂಗಿಬಿಡುವಂತಿಲ್ಲ. ಘಾಟಿಯ ಮಂಜಿನಲ್ಲಿ ಹಿಂದಿನ ದೀಪ ಕಾಣದ ಕಾರು ಎಷ್ಟು ಅಪಾಯ ಎಂಬುದನ್ನು ಆ ದಾರಿಯ ಲಾರಿ ಚಾಲಕರನ್ನು ಕೇಳಿದರೆ ತಿಳಿಯುತ್ತದೆ. ಜೊತೆಗೆ ಹಿಂದಿನ ಚಕ್ರಗಳು ಎಬ್ಬಿಸುವ ಕೆಸರೆಲ್ಲ ಸೈಕಲ್ಲಿನ ಚೈನಿಗೆ. ಗಾಳಿಯ ಆಕ್ಷೇಪಕ್ಕೆ ಉತ್ತರ ವೇಗದಲ್ಲಿದೆ. ಗಾಳಿಯ ತಡೆ ವೇಗದ ವರ್ಗದಂತೆ ಏರುವುದರಿಂದ ಗಂಟೆಗೆ 80 ಕಿ.ಮೀ.ನಲ್ಲಿದ್ದುದು 100ಕ್ಕೆ ಹೋದರೆ ಒಂದೂವರೆ ಪಟ್ಟಿಗೂ ಹೆಚ್ಚು. ಎಂಬತ್ತಕ್ಕೆ ತೃಪ್ತಿಪಟ್ಟವರಿಗೆ ನಷ್ಟ ತಡೆದುಕೊಳ್ಳುವಷ್ಟೇ. ಎತ್ತರದ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಒಂದೂವರೆ ಮೀಟರಿನ ಕಾರಿನ ಮೇಲೆ ಸೈಕಲ್ ನಿಂತರೆ ಎರಡೂವರೆ ಮೀಟರ್ ದಾಟುತ್ತದೆ. ತೋಟದ ಗೇಟಿನ ಕಮಾನು, ರಸ್ತೆಗೆ ಬಾಗಿದ ಕೊಂಬೆ, ನಗರದ ನೆಲಮಾಳಿಗೆಯ ಪಾರ್ಕಿಂಗು ಯಾವುದೂ ಇದನ್ನು ಕ್ಷಮಿಸುವುದಿಲ್ಲ. ಅಳೆದು ಅಂಕಿಯನ್ನು ಸ್ಟೀರಿಂಗಿನ ಎದುರು ಬರೆದಂಟಿಸುವುದೊಂದೇ ದಾರಿ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಮು ವಾಹನದ ಮೂಲರೂಪ ಬದಲಿಸುವುದನ್ನು ತಡೆಯುತ್ತದೆ. ಕೇರಳದ ಜಯಚಂದ್ರ ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಯಾಗಿ ಎತ್ತಿಹಿಡಿದ ಮೇಲೆ ಚಾವಣಿಯ ಮೇಲೆ ಏನಿದ್ದರೂ ದಂಡ ಎಂಬ ಭಯ ಹಬ್ಬಿದೆ. ಆದರೆ ಅದೇ ಕಲಮಿನ ವಿವರಣೆಯ ಪ್ರಕಾರ ಮಾರ್ಪಾಡು ಎಂದರೆ ವಾಹನದ ರಚನೆಯಲ್ಲಿ ಆಗುವ, ಅದರ ಮೂಲ ಲಕ್ಷಣವನ್ನೇ ಬದಲಿಸುವ ವ್ಯತ್ಯಾಸ. ಸಂಜೆ ಬಿಚ್ಚಿ ಒಳಗಿಡುವ ಎರಡು ಅಡ್ಡಪಟ್ಟಿ ಆ ವ್ಯಾಖ್ಯೆಗೆ ಸಿಗುವುದಿಲ್ಲ ಎಂಬುದು ನನ್ನ ಓದು. ಚಾವಣಿ ಕೊರೆದು ಬೋಲ್ಟು ಹಾಕಿದ್ದು, ವೆಲ್ಡ್ ಮಾಡಿ ಶಾಶ್ವತವಾಗಿ ನಿಲ್ಲಿಸಿದ್ದು ಬೇರೆ ಮಾತು. ಅದಕ್ಕೆ ಮೊದಲ ಶತ್ರು ಪೊಲೀಸರಲ್ಲ, ಕೊರೆದ ತೂತಿನಿಂದ ಇಳಿಯುವ ಮಳೆ.

ಸೈಕಲ್ ಹಿಡಿಯುವ ಬಗೆ ಕೊನೆಯ ತೀರ್ಮಾನ, ಅದು ಸೈಕಲ್ಲಿಗೆ ಬಿಟ್ಟದ್ದು. ಫೋರ್ಕ್ ಹಿಡಿಯುವುದು ತಗ್ಗಾಗಿ, ಅಲುಗದೆ ನಿಲ್ಲುತ್ತದೆ. ಆದರೆ ಹಳೆಯ ಸನ್ನೆಯ ಬದಲು ದಪ್ಪ ಆಕ್ಸಲ್ ತೂರಿಸುವ ಹೊಸ ಸೈಕಲ್ಲಿಗೆ ಬೇರೆ ಹಿಡಿ ಬೇಕು, ಬಿಚ್ಚಿದ ಚಕ್ರಕ್ಕೆ ಕಾರಿನೊಳಗೆ ಜಾಗ ಬೇಕು. ಚೌಕಟ್ಟಿನ ಪೈಪನ್ನು ಹಿಡಿಯುವುದು ಉಕ್ಕು, ಅಲ್ಯೂಮಿನಿಯಂಗೆ ಸರಿ, ಕಾರ್ಬನ್ನಿಗೆ ಬೇಡ. ಮುಂದಿನ ಚಕ್ರವನ್ನೇ ತಬ್ಬಿ ಹಿಡಿಯುವುದು ಬಹುತೇಕ ಎಲ್ಲಕ್ಕೂ ಆಗುತ್ತದೆ, ಆದರೆ ಭಾರವೂ ಬೆಲೆಯೂ ಹೆಚ್ಚು. ಮಡ್‌ಗಾರ್ಡ್ ಇರುವ ಊರಿನ ಸೈಕಲ್ಲಾದರೆ ಅದನ್ನು ಅಂಗಡಿಗೇ ಒಯ್ದು ನಿಲ್ಲಿಸಿ ನೋಡುವುದು ಒಳ್ಳೆಯದು. ಕ್ಯಾಟಲಾಗುಗಳು ಅಂಥ ಸೈಕಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವಲ್ಲ. ಕಾರನ್ನೇ ಹೊಸದಾಗಿ ಕೊಳ್ಳುವವರು ಸನ್‌ರೂಫಿನ ಮಾತಿಗೆ ಮರುಳಾಗುವ ಮುನ್ನ ಚಾವಣಿಯ ಭಾರಮಿತಿ ಎಷ್ಟೆಂದು ಷೋರೂಮಿನಲ್ಲಿ ಕೇಳಬೇಕು, ಉತ್ತರವನ್ನು ಕೈಪಿಡಿಯ ಪುಟದಲ್ಲೇ ತೋರಿಸಲು ಹೇಳಬೇಕು.